ಬಾವಿ, ಸೈಕಲ್ಲು ಮತ್ತು ನನ್ನ ಎಡಗಿವಿ

ನನ್ನ ಎಡಗಿವಿಗೆ ಯಾವ ರೋಗವೂ ಇಲ್ಲ. ಎಂದೂ ಇರಲಿಲ್ಲ. ಇಷ್ಟನ್ನು ನಿಮ್ಮೆದುರು ಒಪ್ಪಿಕೊಂಡುಬಿಟ್ಟರೆ ಉಳಿದದ್ದನ್ನು ಹೇಳುವುದು ಸುಲಭ. ಇಪ್ಪತ್ತಾರು ವರ್ಷಗಳಿಂದ ಪ್ರತಿ ನಾಗರಪಂಚಮಿಗೆ ಹೆಂಡತಿಯನ್ನು ಕರೆತರಲು ಅವಳ ತವರು ದೇವಾಪುರಕ್ಕೆ ಹೋಗುತ್ತೇನೆ. ಆ ಮನೆಯ ಹೊಸ್ತಿಲು ದಾಟುತ್ತಿದ್ದಂತೆಯೇ ಆ ಕಿವಿ ತಪ್ಪದೆ ನೋಯುತ್ತಿತ್ತು. ನಮ್ಮತ್ತೆಯವರು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ನಾಲ್ಕು ಹನಿ ಬಿಡುತ್ತಿದ್ದರು, ನಾನು ಹಾಯ್ ಎನ್ನುತ್ತಿದ್ದೆ, ಅಲ್ಲಿಗೆ ಆ ವರ್ಷದ ಗಂಡಾಂತರ ಕಳೆಯುತ್ತಿತ್ತು.

ಗಂಡಾಂತರವೆಂದರೆ ಬಾವಿ. ಹೆಣ್ಣು ನೋಡಲು ಹೋದ ದಿನ, ಚಹಾದ ಬಸಿ ಕೈಯಲ್ಲಿದ್ದಾಗ, ಮಾವನವರು "ಈಸು ಬರ್ತದೇನ್ರಿ?" ಎಂದು ಕೇಳಿದ್ದರು. ಅವರ ಹೊಲದಲ್ಲಿ ಮೆಟ್ಟಿಲುಗಳಿರುವ ದೊಡ್ಡ ಬಾವಿಯಿದೆ. ಪಂಚಮಿಗೆ ಮನೆಯ ಗಂಡಸರೆಲ್ಲ ಅದರಲ್ಲಿ ಧುಮುಕುವುದು ವಾಡಿಕೆ. ಬಾಗಿಲ ಹಿಂದೆ ಒಂದು ಹಸಿರು ಸೀರೆಯ ಅಂಚು ಕಾಣುತ್ತಿತ್ತು. ಅದನ್ನೇ ನೋಡುತ್ತ "ಓಹೋ, ಮೀನದಂಗ ಈಸ್ತೇನ್ರಿ" ಎಂದುಬಿಟ್ಟೆ. ಆ ಅಂಚಿಗಾಗಿ ವಿಮಾನ ಹಾರಿಸಲು ಬರುತ್ತದೆ ಎಂದೂ ಹೇಳುತ್ತಿದ್ದೆ, ಪುಣ್ಯಕ್ಕೆ ಅವರು ಅದನ್ನು ಕೇಳಲಿಲ್ಲ.

ನಾನು ಶಹಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟವನು. ದಿನವಿಡೀ ಗಾದಿಯ ಮೇಲೆ ಕೂತು ಮೀಟರುಗಟ್ಟಲೆ ಅಳೆಯುತ್ತೇನೆ. ಒಂದು ಮೀಟರನ್ನೂ ಓಡಿದವನಲ್ಲ. ಊರೂ ನನಗೆ ತಕ್ಕದ್ದೇ. ನಮ್ಮ ಗುಡ್ಡ ದೂರದಿಂದ ಬುದ್ಧ ಮಲಗಿದಂತೆ ಕಾಣುತ್ತದೆ. ಗುಡ್ಡವೇ ಅಷ್ಟು ಆರಾಮಾಗಿ ಮಲಗಿರುವಾಗ ಅದರ ಕಣ್ಣೆದುರು ಮನುಷ್ಯ ಎದ್ದು ಓಡುವುದು ಉದ್ಧಟತನ ಎಂದು ಬಹಳ ಕಾಲ ನಂಬಿದ್ದೆ.

ಹೋದ ಬೇಸಿಗೆಯಲ್ಲಿ, ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ, ಮೊಬೈಲಿನಲ್ಲಿ ಒಬ್ಬ ಮನುಷ್ಯನನ್ನು ನೋಡಿದೆ. ನನ್ನಷ್ಟೇ ವಯಸ್ಸು, ನನ್ನಷ್ಟೇ ಹೊಟ್ಟೆ. ಆತ ಈಜಿ, ಸೈಕಲ್ ತುಳಿದು, ಓಡಿ, ಕೊನೆಯ ಗೆರೆ ದಾಟಿ, ಸಂತೋಷಕ್ಕೆ ಗಳಗಳನೆ ಅಳುತ್ತಿದ್ದ. ಈ ಮೂರನ್ನೂ ಬೆನ್ನುಬೆನ್ನಿಗೆ ಮಾಡುವ ಆಟಕ್ಕೆ ಟ್ರಯಥ್ಲಾನ್ ಎನ್ನುತ್ತಾರಂತೆ. ಐವತ್ತು ದಾಟಿದ ಗಂಡಸು ಹಾಗೆ ಮನಸಾರೆ ಅಳಬಹುದಾದ ಜಾಗವೊಂದು ಜಗತ್ತಿನಲ್ಲಿ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಅವತ್ತೇ ನಿಶ್ಚಯಿಸಿದೆ. ಈಜಿನ ವಿಷಯ ಆಮೇಲೆ ನೋಡಿದರಾಯಿತು ಎಂದು ಅದನ್ನು ಅಟ್ಟಕ್ಕೆ ಹಾಕಿ, ಅಟ್ಟದಿಂದ ಹಳೆಯ ಸೈಕಲ್ಲನ್ನು ಇಳಿಸಿದೆ.

ನಮ್ಮ ಕಡೆ ಓಡುವುದಕ್ಕೆ ಇರುವ ದೊಡ್ಡ ಅಡ್ಡಿ ಬಿಸಿಲಲ್ಲ, ಜನರ ಪ್ರೀತಿ. ಬೆಳಿಗ್ಗೆ ಸುರಪುರದ ರಸ್ತೆಯಲ್ಲಿ ನೂರು ಹೆಜ್ಜೆ ಹಾಕುವಷ್ಟರಲ್ಲಿ ಒಂದು ಮೋಟರ್‌ಸೈಕಲ್ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. "ಯಾಕ್ರೀ ಸಾವಕಾರ್ರ, ಬಸ್ ತಪ್ಪಿತೇನು? ಹತ್ರಿ, ಬಿಡ್ತೀನಿ." ಸುಮ್ಮನೆ ಓಡುತ್ತಿದ್ದೇನೆ ಎಂದರೆ ಅವರ ಮುಖ ಸಣ್ಣದಾಗುತ್ತಿತ್ತು. ಒಬ್ಬಾತ ದನಿ ತಗ್ಗಿಸಿ "ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ರಿ?" ಎಂದು ವಿಚಾರಿಸಿದ. ಬೇಡವೆಂದು ಎಷ್ಟು ಜನರನ್ನು ನೋಯಿಸುವುದು? ಮೊದಲ ವಾರ ನಾನು ಓಡಿದ್ದಕ್ಕಿಂತ ಅವರಿವರ ಹಿಂದೆ ಕೂತು ಹೋದದ್ದೇ ಹೆಚ್ಚು.

ಇನ್ನು ಸ್ಪರ್ಧೆ ಹುಡುಕುವ ಕೆಲಸ. ಹತ್ತಿರದ ಟ್ರಯಥ್ಲಾನ್ ಎಲ್ಲಿದೆ ಎಂದು ಕೇಳಿದರೆ ಮೊಬೈಲು ಸಮುದ್ರದ ದಂಡೆಯ ಊರುಗಳನ್ನು ತೋರಿಸುತ್ತಿತ್ತು. ಹತ್ತಿರ ಎಂದರೇನೆಂದು ಅದಕ್ಕೆ ಯಾರೂ ಕಲಿಸಿಲ್ಲ. ಯಾದಗಿರಿಗೆ ಹೋದಾಗ ಪರಿಚಯದ ನಿವೃತ್ತ ಪಿ.ಟಿ. ಮಾಸ್ತರರೊಬ್ಬರನ್ನು ಕೇಳಿದೆ. ಅವರು ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡು, "ಮೂರೂ ಒಬ್ಬಾಂವನ ಮಾಡಬೇಕಾ? ಮತ್ತ ಉಳಿದವ್ರು ಏನ್ ಮಾಡ್ತಾರ?" ಎಂದರು. ಪಾಪ, ಹಳೇ ಕಾಲದವರು ಎಂದು ಮನಸ್ಸಿನಲ್ಲೇ ನಕ್ಕು ಬಂದೆ.

ಸಹನೆಯ ಆಟಗಳು ನಮ್ಮಲ್ಲಿಲ್ಲ ಎಂದುಕೊಂಡದ್ದೇ ನನ್ನ ತಪ್ಪು. ಪಂಚಮಿ ಬಂತೆಂದರೆ ನಮ್ಮ ಹಳ್ಳಿಗಳಲ್ಲಿ ಪಂಥ ಕಟ್ಟುವ ಶರ್ತು ಶುರು. ಇಷ್ಟೇ ಎಸೆತಗಳಲ್ಲಿ ನಿಂಬೆಹಣ್ಣನ್ನು ಮುಂದಿನ ಊರಿಗೆ ಮುಟ್ಟಿಸುತ್ತೇನೆ ಎನ್ನುವವನೊಬ್ಬ, ಜೋಳದ ಚೀಲ ಹೊತ್ತು ಎಲ್ಲಿಯೂ ಇಳಿಸದೆ ಊರು ಸುತ್ತುತ್ತೇನೆ ಎನ್ನುವವನೊಬ್ಬ. ಎದೆಯ ಮೇಲೆ ನಂಬರಿಲ್ಲ, ಕೊರಳಿಗೆ ಪದಕವಿಲ್ಲ. ಗೆದ್ದವನಿಗೆ ಒಂದು ತೆಂಗಿನಕಾಯಿ, ಮತ್ತು ಮುಂದಿನ ಪಂಚಮಿಯವರೆಗೆ ಕಟ್ಟೆಯ ಮೇಲೆ ಕೂತು ಜಂಬ ಕೊಚ್ಚುವ ಹಕ್ಕು. ದೇಶವಿದೇಶದ ಓಟಗಾರರು ಅದೇನೋ ಅಂಟು ಪಾಕದ ಪೊಟ್ಟಣ ಹೀರುತ್ತ ಮಾಡುವುದನ್ನು ನಮ್ಮವರು ಶೇಂಗಾದ ಉಂಡಿ ಜೇಬಿಗೆ ಹಾಕಿಕೊಂಡು ಮಾಡುತ್ತ ಬಂದಿದ್ದಾರೆ.

ಈ ಸಲ ನನ್ನ ಹೆಂಡತಿ ಮಹಾದೇವಿ ಮುಂಚೆಯೇ ತವರಿಗೆ ಹೋಗಿ, ನನ್ನ ಸಾಹಸವನ್ನು ತನ್ನ ತಮ್ಮ ಚನ್ನಪ್ಪನಿಗೆ ಹೇಳಿಬಿಟ್ಟಿದ್ದಳು. ನಾನು ಸೈಕಲ್ಲಿನ ಮೇಲೆಯೇ ಏದುಸಿರು ಬಿಡುತ್ತ ದೇವಾಪುರ ಮುಟ್ಟಿದೆ. ಚನ್ನಪ್ಪ ನೀರಿನ ತಂಬಿಗೆ ಕೊಟ್ಟು, "ಮಾಮಾ, ಆ ಊರು ಈ ಊರು ಯಾಕ ಹುಡುಕಾಕತ್ತೀರಿ? ನಿಮ್ಮ ಸಲುವಾಗಿ ನಾಳಿ ಇಲ್ಲೇ ಶರ್ತು ಇಟ್ಟೀವಿ. ಬಾವ್ಯಾಗ ಐದು ಸುತ್ತು ಈಸೋದು, ಸೈಕಲ್ ಮ್ಯಾಲ ಸುರಪುರ ಮುಟ್ಟಿ ಬರೋದು, ಆಮ್ಯಾಲ ಊರ ಸುತ್ತ ಓಡೋದು. ಇದ್ರಾಗ ಮೊದಲ ಯಾವ್ದ್ರಿ?" ಎಂದು ಕೇಳಿದ. ನನ್ನ ದಡ್ಡತನ ನೋಡಿ. ಎಲ್ಲ ಬಲ್ಲ ಗುರುವಿನ ಗತ್ತಿನಲ್ಲಿ "ಮೊದಲ ನೀರು, ಅದು ನಿಯಮ" ಎಂದೆ. ಕೈ ತಾನಾಗಿಯೇ ಎಡಗಿವಿಗೆ ಹೋಯಿತು. ಅತ್ತೆಯವರು ಎಣ್ಣೆಯ ಬಟ್ಟಲು ಹಿಡಿದೇ ಹೊರಗೆ ಬಂದರು. "ಈ ಸಲ ಮೊದಲ ಹಾಕಿ ಬಿಡ್ತೀನಿ ಅಳಿಯಂದ್ರ. ನಾಳಿಗಿ ನೋಯಂಗಿಲ್ಲ."

ಮರುದಿನ ಬೆಳಿಗ್ಗೆ ಬಾವಿಯ ಸುತ್ತ ಅರ್ಧ ಊರು ಸೇರಿತ್ತು. ಶ್ರಾವಣದ ನೀರು ಮೇಲಿನ ನಾಲ್ಕು ಮೆಟ್ಟಿಲು ಬಿಟ್ಟು ಉಳಿದದ್ದನ್ನೆಲ್ಲ ನುಂಗಿತ್ತು. ನಾನು ಒಂದೊಂದೇ ಮೆಟ್ಟಿಲು ಇಳಿದೆ, ಮೊಣಕಾಲಿಗೆ ನೀರು ಬಂತು, ಅಲ್ಲೇ ನಿಂತೆ. ಮುಳುಗಿದರೆ ಎತ್ತಲು ಅಷ್ಟು ಜನರಿದ್ದರು. ನನಗೆ ಹೆದರಿಕೆ ಮಹಾದೇವಿಯದು. ಗೆಳತಿಯರ ನಡುವೆ ಅವಳು ಎಷ್ಟು ಹೆಮ್ಮೆಯಿಂದ ನಿಂತಿದ್ದಳೆಂದರೆ, ನಾನು ಬಾಯಿ ಬಿಟ್ಟರೆ ಆ ಮುಖ ಏನಾದೀತು, ಇಪ್ಪತ್ತಾರು ವರ್ಷ ಒಬ್ಬ ಸುಳ್ಳುಗಾರನಿಗೆ ರೊಟ್ಟಿ ಬಡಿದೆ ಎಂದುಕೊಂಡಾಳಲ್ಲ ಎಂದು ಕೈ ಮತ್ತೆ ಎಡಗಿವಿಗೆ ಹೋಯಿತು. ಆದರೂ ಇನ್ನೊಂದು ಸುಳ್ಳು ಹುಟ್ಟಲಿಲ್ಲ.

"ಬರಂಗಿಲ್ಲ" ಎಂದೆ. "ನನಗ ಈಸು ಬರಂಗಿಲ್ಲ. ಅವತ್ತ ಸುಳ್ಳ ಹೇಳಿದ್ದೆ. ಕಿವಿನೂ ನೋಯಂಗಿಲ್ಲ."

ಸುತ್ತಲೂ ಎದ್ದ ನಗುವಿಗೆ ಬೇವಿನ ಮರದ ಗಿಳಿಗಳೆಲ್ಲ ಹಾರಿಹೋದವು. ನಗದೇ ಇದ್ದವಳು ಮಹಾದೇವಿ ಒಬ್ಬಳೇ. ಸರಸರನೆ ಮೆಟ್ಟಿಲಿಳಿದು ಬಂದಳು. ಬೈಸಿಕೊಳ್ಳಲು ತಲೆ ತಗ್ಗಿಸಿದೆ. ಅವಳು ಕೈಗಡಿಯಾರ ಬಿಚ್ಚಿ ನನ್ನ ಅಂಗೈಯಲ್ಲಿಟ್ಟು, ಸೀರೆಯನ್ನು ಕಚ್ಚೆ ಹಾಕಿ, ತಾಯಿಯ ಕಡೆ ನೋಡಿದಳು. ಅತ್ತೆಯವರು ಮೇಲಿನಿಂದ ಕೂಗಿದರು: "ಗಂಡ ನೀರಾಗ ನಿಂತಾರಲ್ಲ, ಇನ್ನೇನು? ಹಾರವ್ವ!"

ಧುಡುಮ್ ಎಂದು ನೀರು ನನ್ನ ತಲೆಯ ಮೇಲೆ ಬಂತು. ಕಣ್ಣು ಒರೆಸಿಕೊಂಡು ನೋಡುವಷ್ಟರಲ್ಲಿ ನನ್ನ ಹೆಂಡತಿ ನಡುಬಾವಿಯಲ್ಲಿ ಎದ್ದು, ಕೂದಲು ಹಿಂದೆ ಸರಿಸಿ, ಕೇಕೆ ಹಾಕುತ್ತಿದ್ದಳು. ಐದು ಸುತ್ತು ಎಂದಿದ್ದರು, ಅವಳು ಎಂಟು ಹಾಕಿದಳು.

ಮದುವೆಗೆ ಮುಂಚೆ ಆ ಬಾವಿಯಲ್ಲಿ ಅವಳನ್ನು ಮೀರಿಸುವವರೇ ಇರಲಿಲ್ಲವಂತೆ. ಆದರೆ ಬಾವಿಗೆ ಹಾರುವ ಹುಡುಗಿ ಎಂದರೆ ಗಂಡಿನವರು ಹಿಂದೆ ಸರಿದಾರೆಂದು, ನಾವು ನೋಡಲು ಬಂದ ದಿನ ಅತ್ತೆಯವರು ಅವಳ ಬಾಯಿ ಮುಚ್ಚಿಸಿದ್ದರು. ನೋಡಿ ಹೇಗಿದೆ! ಬಾಗಿಲ ಈಚೆ ಈಜು ಬಾರದವನು ಬರುತ್ತದೆ ಎಂದ. ಬಾಗಿಲ ಆಚೆ ಬರುವವಳು ಸುಮ್ಮನಿದ್ದಳು. ಮದುವೆಯಾದ ಹೆಣ್ಣುಮಕ್ಕಳು ಒಬ್ಬರೇ ನೀರಿಗಿಳಿಯುವುದು ಆ ಮನೆಯಲ್ಲಿ ಇಲ್ಲ. ಗಂಡ ಜೊತೆಗಿಳಿದರೆ ಮಾತು ಬೇರೆ.

"ನನಗರ ಹೇಳಬಾರದಿತ್ತೇನು?" ಎಂದೆ.

"ನೀವು ಮೀನದಂಗ ಈಸ್ತೀರಿ ಅಂತ ಬಾಗಲ ಹಿಂದ ನಿಂತು ಕೇಳಿದ್ನಲ್ರಿ, ಅವತ್ತ ನಿಮ್ಮನ್ನ ಒಪ್ಪಿದೆ. ಪಂಚಮಿಗಿ ಇಬ್ರೂ ಕೂಡಿ ಈಸಬೇಕಂತ ಆಸಿ ಇತ್ತು. ಪ್ರತಿ ವರ್ಷಾ ನಿಮ್ಮ ಕಿವಿ ನೋಯ್ತಿತ್ತು."

ನಗುನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಇಪ್ಪತ್ತಾರು ಪಂಚಮಿಗಳು! ನಾಚಿಕೆಯಿಂದ ಸೈಕಲ್ ಹತ್ತಿದವನು ಸುರಪುರ ಮುಟ್ಟಿ ಬರುವವರೆಗೆ ಹಿಂದೆ ನೋಡಲಿಲ್ಲ. ಇಳಿದಾಗ ನನ್ನ ಕಾಲು ಸೋತದ್ದು ನೋಡಿ ಚನ್ನಪ್ಪನೇ ಪಂಚೆ ಎತ್ತಿ ಕಟ್ಟಿ ಊರ ಸುತ್ತ ಓಡಿದ. ಮೂರೂ ಮುಗಿದವು. ತೆಂಗಿನಕಾಯಿ ಒಡೆದಾಗ ಆ ಮೊಬೈಲಿನ ಮನುಷ್ಯನ ಹಾಗೆ ನನಗೂ ಕಣ್ಣೀರು ಬಂತು, ತಡೆಯಲು ಹೋಗಲಿಲ್ಲ. ಮೂರನ್ನೂ ಒಬ್ಬನೇ ಯಾಕೆ ಮಾಡಬೇಕು ಎಂದಿದ್ದ ಆ ಮಾಸ್ತರರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಈಗ ಭಾನುವಾರಗಳಂದು ಅಂಗಡಿಗೆ ಬೀಗ ಹಾಕಿ ದೇವಾಪುರಕ್ಕೆ ಹೋಗುತ್ತೇವೆ. ಬೆನ್ನಿಗೆ ಖಾಲಿ ಪ್ಲಾಸ್ಟಿಕ್ ಡಬ್ಬಿ ಕಟ್ಟಿಕೊಂಡು ನಾನು ಕೈಕಾಲು ಬಡಿಯುತ್ತೇನೆ. ಮಹಾದೇವಿ ನನ್ನ ಸುತ್ತ ಈಜುತ್ತ "ಹೊಟ್ಟಿ ಮ್ಯಾಲೆತ್ರಿ, ಅದೇನು ಮುಳುಗೂ ವಸ್ತು ಅಲ್ಲ" ಎಂದು ಕಲಿಸುತ್ತಾಳೆ. ಹೋದ ವಾರ ಎಡಗಿವಿಗೆ ನೀರು ಹೊಕ್ಕು, ದೇವರಾಣೆ, ನಿಜಕ್ಕೂ ನೋಯತೊಡಗಿತು. ಮೆಟ್ಟಿಲು ಹತ್ತಿ ಬಂದು ಅತ್ತೆಯವರಿಗೆ ಹೇಳಿದೆ. ಅವರು ಕಟ್ಟೆ ಬಿಟ್ಟು ಏಳಲಿಲ್ಲ.

"ಆ ಕಿವಿಗಿ ಇಪ್ಪತ್ತಾರು ವರ್ಷದ ಎಣ್ಣಿ ಮೊದಲ ಬಿದ್ದದ ಅಳಿಯಂದ್ರ. ಅಕಿ ಕಾಯಾಕತ್ತಾಳ, ಇಳೀರಿ."

ಕಿವಿ ನೋಯುತ್ತಲೇ ಇತ್ತು. ಇಳಿದೆ.