ಕಸದ ಗಾಡಿಯಲ್ಲಿ ಮಾವನ ಹಾಡು

ಇವತ್ತು ಬೆಳಿಗ್ಗೆ ನಮ್ಮ ಬೀದಿಗೆ ಬಂದ ಕಸದ ಗಾಡಿಯ ಮೈಕಿನಲ್ಲಿ ಮಾವನ ಹಾಡು ಬರುತ್ತಿತ್ತು. ಮಾತು ಬದಲಾಯಿಸಿ ಹಸಿ ಕಸ, ಒಣ ಕಸ ಅಂತ ಸೇರಿಸಿದ್ದರು. ರಾಗ ಮಾತ್ರ ಅದೇ.

ಹೆಬ್ಬಗೋಡಿಯಲ್ಲಿ ಅಜ್ಜಿ ಬಾಡಿಗೆಗೆಂದು ಕಟ್ಟಿಸಿದ್ದ ಸಾಲು ಮನೆಗಳಲ್ಲಿ ಕೊನೆಯದು ನಾನು ಚಿಕ್ಕವಳಿದ್ದಾಗ ಖಾಲಿ ಇತ್ತು. ಫ್ಯಾಕ್ಟರಿ ಶಿಫ್ಟ್ ಮುಗಿಸಿ ಮಾವ ಮತ್ತು ಅವನ ಮೂವರು ಗೆಳೆಯರು ಅಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದರು. ‘ಸ್ಪ್ಯಾನರ್ ಬಾಯ್ಸ್’ ಅಂತ ಬ್ಯಾಂಡಿನ ಹೆಸರು. ಅಂಗಿಗಳಲ್ಲಿ ಮಷಿನ್ ಎಣ್ಣೆಯ ವಾಸನೆ, ಕೀಬೋರ್ಡಿನ ಮೇಲೂ ಕಪ್ಪು ಬೆರಳಚ್ಚು. ಅಜ್ಜಿ ಹೊಸ್ತಿಲಲ್ಲಿ ಸೊಪ್ಪು ಬಿಡಿಸುತ್ತಾ, “ಇಂಗೆ ಕಿರುಚಿದ್ರೆ ಬಾಡ್ಗೆಗೆ ಯಾರ್ಲಾ ಬತ್ತಾರೆ?” ಅನ್ನುತ್ತಿದ್ದಳು.

ಅವರದೊಂದು ಹಾಡು ಹಿಟ್ ಆಯಿತು. ಆಟೋಗಳಲ್ಲಿ, ಚಂದಾಪುರದ ಮದುವೆಗಳಲ್ಲಿ, ಎಲ್ಲೆಲ್ಲೂ ಅದೇ. ಗಣೇಶನ ಪೆಂಡಾಲಿನಲ್ಲಿ ಮೊದಲು ಅದನ್ನೇ ಹಾಡಿಸಿದರು. ಮುಗಿದದ್ದೇ ತಡ, ಜನ ಎದ್ದು ಹೋದರು. ಮುಂದಿನ ವರ್ಷ ಮಾವ ಹಟ ಹಿಡಿದ: “ಹೊಸ ಹಾಡು ಮೊದ್ಲು, ಅದು ಕೊನೇಲಿ ಕಣ್ರೋ.”

ಹೊಸ ಹಾಡುಗಳನ್ನು ಜನ ಸಹಿಸಿಕೊಂಡರು. ಕೊನೆಗೆ ಮಾವ ಆ ಹಾಡು ಶುರುಮಾಡುವಷ್ಟರಲ್ಲಿ ಗಣೇಶನನ್ನು ಟ್ರ್ಯಾಕ್ಟರಿಗೆ ಹತ್ತಿಸಿಯಾಗಿತ್ತು. ತಮಟೆಗೆ ಪೆಟ್ಟು ಬಿತ್ತು. ಜನರೆಲ್ಲ ಅದರ ಹಿಂದೆ, ಮಾವನ ಹಾಡನ್ನೇ ತಾವೇ ಹಾಡಿಕೊಂಡು, ಕುಣಿಯುತ್ತಾ ಕೆರೆಯ ಕಡೆ ಹೋದರು. ವೇದಿಕೆಯ ಮೇಲೆ ನಾಲ್ವರು, ಕೆಳಗೆ ಅಜ್ಜಿ ಮತ್ತು ನಾನು.

“ಜನ ಚೆನ್ನಾಗೇ ಕಲ್ತವ್ರೆ ಕಣ್ಲಾ,” ಅಂದಳು ಅಜ್ಜಿ.

ಆಮೇಲೆ ಕೊನೆಯ ಮನೆಗೆ ಬಾಡಿಗೆದಾರರು ಬಂದರು.

ಇವತ್ತು ಹಾಡು ಕೇಳಿಸಿದ ಕೂಡಲೇ ಮಾವ ಕಾಫಿ ಅರ್ಧಕ್ಕೇ ಬಿಟ್ಟು ಕಸದ ಬಕೆಟ್ ಎತ್ತಿಕೊಂಡ. “ಪೂರ್ತಿ ಕೇಳಲ್ವಾ ಮಾವ?” ಅಂದೆ.

“ಹಾಡು ಮುಗಿದ್ರೆ ಹೊರಟೋಗ್ತಾರಮ್ಮ,” ಅಂದವನೇ ಮೆಟ್ಟಿಲಿಳಿದ.