ತೇವ ಕಳೆಯದ ತೂಕ

ಇಪ್ಪತ್ತೆಂಟು ವರ್ಷ ನಾನು ತೂಕ ಹಾಕಿ ಅನ್ನ ತಿಂದವನು. ಭದ್ರಾವತಿಯ ಕಾಗದದ ಕಾರ್ಖಾನೆಯ ಗೇಟಿನ ಒಳಗೆ ಲಾರಿ ತೂಗುವ ವೇಬ್ರಿಡ್ಜ್ ಇತ್ತು. ಅದರ ಪಕ್ಕದ ಗೂಡಿನಂಥ ಕೋಣೆಯಲ್ಲಿ ಕೂತು, ಮರದ ದಿಮ್ಮಿ ತುಂಬಿಕೊಂಡ ಲಾರಿ ಒಳಗೆ ಬರುವಾಗ ಒಮ್ಮೆ, ಖಾಲಿಯಾಗಿ ಹೊರಗೆ ಹೋಗುವಾಗ ಒಮ್ಮೆ ಅಂಕಿ ಬರೆದುಕೊಳ್ಳುವುದು ನನ್ನ ಕೆಲಸ. ಕಾರ್ಖಾನೆ ನಿಂತ ಮೇಲೆ ಕಾಗದನಗರದ ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗದ ವಿದ್ಯಾನಗರದಲ್ಲಿ ಬಾಡಿಗೆ ಮನೆ ಹಿಡಿದೆವು, ನಾನು ಮತ್ತು ನನ್ನ ಹೆಂಡತಿ. ನಮಗೆ ಮಕ್ಕಳಿಲ್ಲ. ಅವಳು ಹೋಗಿ ಈಗ ಎರಡು ವರ್ಷ. ಏನಾಗಿತ್ತು ಎಂದು ಕೇಳಿದವರಿಗೆ ಲಿವರ್ ಎಂದು ಹೇಳಿ ಮಾತು ಮುಗಿಸುತ್ತೇನೆ. ಅದರಲ್ಲಿ ನನ್ನ ಪಾಲೆಷ್ಟು ಎನ್ನುವುದನ್ನು ಯಾರಿಗೂ ಹೇಳಿಲ್ಲ.

ಶುರುವಾಗಿದ್ದು ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ. ಒಂದು ಭಾನುವಾರ ಬೆಳಿಗ್ಗೆ ಅಲ್ಲಿ ಉಚಿತ ಆರೋಗ್ಯ ತಪಾಸಣೆಯ ಶಿಬಿರ ಇಟ್ಟಿದ್ದರು. ಪುಕ್ಕಟೆ ಎಂದರೆ ನಮ್ಮ ಜನ ಚಪ್ಪಲಿ ಬಿಟ್ಟು ಓಡುತ್ತಾರೆ, ನಾವೂ ಹೋದೆವು. ಮೊದಲ ಮೇಜಿನಲ್ಲಿ ಬಿಳಿ ಕೋಟು ಹಾಕಿದ ಒಬ್ಬಳು ಹುಡುಗಿ, ಇನ್ನೂ ಓದುತ್ತಿದ್ದಳೋ ಏನೋ, ಎತ್ತರ ಅಳೆದು, ತೂಕ ನೋಡಿ, ಮೊಬೈಲಿನಲ್ಲಿ ಗುಣಿಸಿ ಭಾಗಿಸಿ ಒಂದು ಸಂಖ್ಯೆ ಹೇಳುತ್ತಿದ್ದಳು. ಬಿಎಂಐ ಅಂತೆ. ಹಿಂದೆ ಗೋಡೆಗೆ ಬಣ್ಣದ ಚಾರ್ಟು. ಹಸಿರು ಬಂದರೆ ಸರಿ, ಹಳದಿ ಬಂದರೆ ಎಚ್ಚರ, ಕೆಂಪು ಬಂದರೆ ಗ್ರಹಚಾರ. ನನಗೆ ಮೂವತ್ತೊಂದು ಬಂತು.

"ಅಂಕಲ್, ನೀವು ಕೆಂಪಲ್ಲಿದೀರಾ" ಎಂದು ಆ ಹುಡುಗಿ ಹಿಂದಿನ ಸಾಲಿನವರಿಗೂ ಕೇಳುವಂತೆ ಹೇಳಿದಳು.

ನನಗೆ ಮೈ ಉರಿಯಿತು. "ತೂಕನ ಎತ್ತರದಿಂದ ಎರಡೆರಡು ಸಲ ಭಾಗಿಸ್ತೀಯಲ್ಲಮ್ಮ, ನನ್ನ ಅಗಲ ಯಾರು ಅಳೆದ್ರು? ಮೂಳೆ ಎಷ್ಟು, ಮಾಂಸ ಎಷ್ಟು, ಕೊಬ್ಬೆಷ್ಟು, ಅದನ್ನ ನಿನ್ನ ಮೊಬೈಲು ಹೇಳುತ್ತಾ?" ಎಂದೆ. ಅವಳು ಪಾಪ, ಎಲ್ಲರಿಗೂ ಇದೇ ಲೆಕ್ಕ ಅಂಕಲ್ ಎಂದಳು. ನನ್ನ ಹೆಂಡತಿ ನನ್ನ ತೋಳು ಚಿವುಟಿ, "ಹೊಟ್ಟೆ ಕಾಣ್ತಾನೇ ಇದೆ, ಸುಮ್ನಿರಿ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ" ಎಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು.

ಆಮೇಲೆ ಅವಳ ಸರದಿ. ಎತ್ತರ ನೂರೈವತ್ತು ಸೆಂಟಿಮೀಟರು, ತೂಕ ಐವತ್ತು ಕೆಜಿ, ಬಂದ ಸಂಖ್ಯೆ ಇಪ್ಪತ್ತೆರಡು. ಅಚ್ಚ ಹಸಿರು. "ಸೂಪರ್ ಆಂಟಿ, ಹೀಗೇ ಇರಿ" ಎಂದಳು ಹುಡುಗಿ. ನನ್ನ ಹೆಂಡತಿ ಶಾಲೆಯಲ್ಲಿ ಬಹುಮಾನ ಬಂದವಳಂತೆ ಆ ಚೀಟಿಯನ್ನು ಮಡಿಸಿ ಪರ್ಸಿನೊಳಗೆ ಇಟ್ಟುಕೊಂಡಳು.

ಮುಂದಿನ ಮೇಜಿನಲ್ಲಿ ರಕ್ತ ತೆಗೆದು ಸಕ್ಕರೆ ಪರೀಕ್ಷೆ. ಅಲ್ಲಿ ಉದ್ದನೆಯ ಸಾಲು. ನಾನು ಕೆಂಪಿನವನಲ್ಲವೇ, ನಿಂತೆ, ಬೆರಳು ಚುಚ್ಚಿಸಿಕೊಂಡೆ, ನನ್ನದು ಸ್ವಲ್ಪ ಅಂಚಿನಲ್ಲಿತ್ತು, ಅಷ್ಟೆ. ವಾಪಸು ಬಂದಾಗ ಅವಳು ಕುರ್ಚಿಯಲ್ಲಿ ಕೂತು ನೀರು ಕುಡಿಯುತ್ತಿದ್ದಳು.

"ರೀ, ನಾನೂ ಒಂದ್ಸಲ ಕೊಟ್ಟು ನೋಡ್ಲಾ? ಈಚೆಗೆ ಬಾಯಾರಿಕೆ ಜಾಸ್ತಿ ಆಗ್ತಿದೆ" ಎಂದಳು.

"ಹಸಿರು ಬಂದೋರಿಗೆ ಯಾಕೆ ಮಾರಾಯ್ತಿ ಸೂಜಿ? ಆ ಸಾಲು ನೋಡು, ಮಧ್ಯಾಹ್ನ ಆಗುತ್ತೆ. ನಡಿ" ಎಂದೆ.

ಅವಳು ಎದ್ದು ಬಂದಳು. ಸಾಲು ಉದ್ದ ಇದ್ದದ್ದು ನಿಜ. ಆದರೆ ನಿಜವಾದ ಕಾರಣ ಬೇರೆ. ಕೆಂಪು ಬಂದ ಅವಮಾನದಲ್ಲಿ ನನಗೆ ಆ ಜಾಗದಿಂದ ಬೇಗ ಹೊರಗೆ ಬೀಳಬೇಕಿತ್ತು.

ಅದರ ಮರುವಾರವೇ ಗಾಜಿನ ತೂಕದ ಮಷೀನು ತಂದೆ. ಹೊಟ್ಟೆ ಕರಗಿಸಿ ಆ ಹುಡುಗಿಗೆ ತೋರಿಸಬೇಕು ಎಂಬ ಹಟ. ಪ್ರತಿ ಭಾನುವಾರ ಕಾಫಿಗೆ ಮುಂಚೆ ಇಬ್ಬರೂ ಹತ್ತಿ ನಿಲ್ಲುವುದು, ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಗುರುತಿನ ಪಕ್ಕದಲ್ಲಿ, ಇಬ್ಬರ ತೂಕವನ್ನೂ ಬರೆಯುವುದು. ಅವಳು ಸೀರೆಯ ನೆರಿಗೆ ಮೇಲೆತ್ತಿಕೊಂಡು ನಿಲ್ಲುತ್ತಿದ್ದಳು, ನಾನು ಬಗ್ಗಿ ಓದುತ್ತಿದ್ದೆ. ನನ್ನದು ನೂರಿನ್ನೂರು ಗ್ರಾಂ ಇಳಿದರೆ ಮುಂದಿನ ವಾರ ಅಷ್ಟೇ ಏರುತ್ತಿತ್ತು. ಅವಳದು ಮಾತ್ರ ಐವತ್ತು. ಒಂದು ವಾರ ನಲವತ್ತೊಂಬತ್ತೂವರೆ, ಇನ್ನೊಂದು ವಾರ ಐವತ್ತರ ಮೇಲೆ ಸ್ವಲ್ಪ. ಇಷ್ಟು ವರ್ಷದ ನನ್ನ ಸರ್ವಿಸಿನಲ್ಲಿ ಇಂಥ ನಂಬಿಕಸ್ತ ತೂಕ ನಾನು ಕಂಡಿರಲಿಲ್ಲ. ಬೆಳಗಿನ ವಾಕಿಂಗ್ ಗೆಳೆಯರ ಹತ್ತಿರವೆಲ್ಲ ಜಂಬ ಕೊಚ್ಚಿಕೊಂಡೆ.

ಅದೇ ಗೆಳೆಯರ ಹತ್ತಿರ ಬಿಎಂಐ ಶುದ್ಧ ಬುರುಡೆ ಎಂದೂ ವಾದ ಮಾಡುತ್ತಿದ್ದೆ. ನಮ್ಮ ಯಾರ್ಡಿನಲ್ಲಿ ದಿಮ್ಮಿ ಇಳಿಸುವ ಒಬ್ಬ ಹಮಾಲಿ ಇದ್ದ, ಬಾಗಿಲಿನಷ್ಟು ಅಗಲದ ಎದೆ, ಮೈಯಲ್ಲಿ ಚಿವುಟಿದರೂ ಕೊಬ್ಬಿಲ್ಲ. ಅವನನ್ನು ಆ ಚಾರ್ಟಿನ ಮುಂದೆ ನಿಲ್ಲಿಸಿ, ಕೆಂಪೇ ಬರುತ್ತದೆ, ಆಗೇನು ಹೇಳುತ್ತೀರಿ ಎಂದು ಕೇಳುತ್ತಿದ್ದೆ. ಅವರು ಬೇರೆ ಮಾತಿಗೆ ಹೊರಳುತ್ತಿದ್ದರು, ನಾನು ಗೆದ್ದೆ ಎಂದುಕೊಳ್ಳುತ್ತಿದ್ದೆ. ನನ್ನ ವಿಷಯಕ್ಕೆ ಬಂದಾಗ ಈ ಅಂಕಿ ಸುಳ್ಳೆಂದು ಸಾಧಿಸಲು ನೂರು ಕಾರಣ ಸಿಕ್ಕವು. ಅವಳ ವಿಷಯಕ್ಕೆ ಬಂದಾಗ ಒಂದು ಪ್ರಶ್ನೆಯೂ ಹುಟ್ಟಲಿಲ್ಲ.

ಅವಳು ಹೇಳದೆ ಇರಲಿಲ್ಲ. ಸುಸ್ತು ಎನ್ನುತ್ತಿದ್ದಳು. ಎರಡು ತುತ್ತಿಗೇ ಹೊಟ್ಟೆ ತುಂಬುತ್ತದೆ ಎಂದು ತಟ್ಟೆ ಸರಿಸುತ್ತಿದ್ದಳು. ಗೌರಿ ಹಬ್ಬಕ್ಕೆ ಗಾಂಧಿ ಬಜಾರಿಗೆ ಬಳೆ ತೊಡಲು ಹೋದಾಗ ಅಂಗಡಿಯವನು ಅವಳ ಕೈ ಹಿಡಿದು ನೋಡಿ, ಹಳೆಯ ಅಳತೆ ಬೇಡ ಅಮ್ಮ, ಜಾರಿ ಬೀಳುತ್ತದೆ ಎಂದು ಒಂದು ಅಳತೆ ಚಿಕ್ಕದು ತೊಡಿಸಿದ. ಅಲ್ಲಿಂದ ಚಪ್ಪಲಿ ಅಂಗಡಿಗೆ ಹೋದೆವು, ಏಕೆಂದರೆ ಅವಳ ಚಪ್ಪಲಿ ಬಿಗಿಯಾಗಿ ಪಟ್ಟಿಯ ಗುರುತು ಬೀಳುತ್ತಿತ್ತು. ಅಲ್ಲಿ ಒಂದು ಅಳತೆ ದೊಡ್ಡದು ಕೊಂಡೆವು.

ಬಸ್ ನಿಲ್ದಾಣದಲ್ಲಿ ನಿಂತಾಗ ಅವಳೇ ಮಾತು ತೆಗೆದಳು. "ಏನ್ರೀ ಇದು, ಕೈ ಸಣ್ಣ ಆಗ್ತಿದೆ, ಕಾಲು ದಪ್ಪ ಆಗ್ತಿದೆ."

"ಒಂದ್ಕಡೆ ಹೋಗಿದ್ದು ಇನ್ನೊಂದ್ಕಡೆ ಬಂತಲ್ಲ, ಒಟ್ಟು ಐವತ್ತು ಸರಿಹೋಯ್ತು ಬಿಡು" ಎಂದೆ. ಅವಳು ನಕ್ಕಳು. ನಾನೂ ನಕ್ಕೆ. ಆ ನಗು ನೆನಪಾದಾಗಲೆಲ್ಲ ನನಗೆ ನನ್ನ ಬಾಯಿಗೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

ಶಿಬಿರ ಮುಗಿದು ಒಂದೂವರೆ ವರ್ಷವಾಗಿತ್ತು. ಭದ್ರಾವತಿಯಲ್ಲಿ ನನ್ನ ಹಳೆಯ ಸಹೋದ್ಯೋಗಿಯ ಮೊಮ್ಮಗಳ ನಾಮಕರಣ. ಅವನು ತಮಿಳಿನವನು, ಕಾಗದನಗರದ ಆಚೆ ಸ್ವಂತ ಮನೆ ಕಟ್ಟಿಕೊಂಡಿದ್ದಾನೆ. ಊಟವಾದ ಮೇಲೆ ಚಾಪೆಯಿಂದ ಏಳಲು ನನ್ನ ಹೆಂಡತಿಗೆ ಆಗಲಿಲ್ಲ. ಇಬ್ಬರು ಹೆಂಗಸರು ರಟ್ಟೆ ಹಿಡಿದು ಎತ್ತಿ ಕುರ್ಚಿಯಲ್ಲಿ ಕೂರಿಸಿದರು. ದೂರದಿಂದ ನೋಡುತ್ತಿದ್ದ ನನ್ನ ಸಹೋದ್ಯೋಗಿ ಹತ್ತಿರ ಬಂದು, ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, "ತಪ್ಪು ತಿಳ್ಕೋಬೇಡಿ ಅಕ್ಕಾ" ಎಂದು ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿದ. ಬೆರಳು ತೆಗೆದರೂ ಗುಂಡಿ ಹಾಗೇ ಉಳಿಯಿತು.

"ತೂಕ ಎಷ್ಟಣ್ಣಾ ಇದಾರೆ?" ಎಂದು ನನ್ನನ್ನು ಕೇಳಿದ.

"ಐವತ್ತು. ಒಂದೂವರೆ ವರ್ಷದಿಂದ ಐವತ್ತೇ, ಆ ಕಡೆ ಈ ಕಡೆ ಆಗಿಲ್ಲ" ಎಂದೆ, ಆಗಲೂ ಹೆಮ್ಮೆಯಿಂದ.

ಅವನು ನನ್ನ ಮುಖವನ್ನೇ ನೋಡಿದ. "ತೇವ ಕಳೆದು ಹೇಳ್ತಿದೀಯಾ, ಕಳೀದೇನಾ?"

ಈ ಮಾತು ನಮ್ಮ ಕಾರ್ಖಾನೆಯದು. ಅಲ್ಲಿ ಮರವನ್ನು ತೂಕದ ಮೇಲೆ ಕೊಳ್ಳುತ್ತಿದ್ದರು, ಆದರೆ ನನ್ನ ವೇಬ್ರಿಡ್ಜ್ ತೋರಿಸಿದ ಅಂಕಿಯೇ ಕೊನೆಯದಲ್ಲ. ಹಸಿ ಮರದಲ್ಲಿ ನೀರು ಬಹಳ. ಪ್ರತಿ ಲಾರಿಯಿಂದ ಮೂರು ನಾಲ್ಕು ದಿಮ್ಮಿಯ ಬಿಲ್ಲೆ ಕೊಯ್ದು, ಲ್ಯಾಬಿನ ಓವನ್ನಿನಲ್ಲಿಟ್ಟು ಒಣಗಿಸಿ, ಮತ್ತೆ ತೂಗಿ, ಇಷ್ಟು ನೀರು, ಇಷ್ಟು ಮರ ಎಂದು ಚೀಟಿ ಬರೆಯುವುದು ಇವನ ಕೆಲಸವಾಗಿತ್ತು. ಇವನ ಚೀಟಿ ಬಂದು ತೇವ ಕಳೆಯುವ ತನಕ ನಾನು ಯಾವ ಲಾರಿಯ ತೂಕವನ್ನೂ ಪಕ್ಕಾ ಮಾಡುತ್ತಿರಲಿಲ್ಲ. ಹೊಸದಾಗಿ ಸೇರಿದ ಗುಮಾಸ್ತರಿಗೆ ನಾನೇ ಪಾಠ ಹೇಳುತ್ತಿದ್ದೆ: ಇದು ತೋರಿಸೋದು ಲಾರಿ ಮೇಲೆ ಏನಿದೆಯೋ ಅದನ್ನೆಲ್ಲ, ಮರ ಎಷ್ಟು ಅಂತ ಇದಕ್ಕೆ ಗೊತ್ತಿಲ್ಲ. ಕಾಡಿನ ಮರಕ್ಕೆ ಇಪ್ಪತ್ತೆಂಟು ವರ್ಷ ತೇವ ಕಳೆದವನು ಹೆಂಡತಿಗೆ ಕಳೆಯಲಿಲ್ಲ. ವಾರ ವಾರ ಬಗ್ಗಿ ಅಂಕಿ ಓದಿದೆನಲ್ಲ, ಆ ಅಂಕಿಯ ಎರಡೂ ಪಕ್ಕದಲ್ಲಿ ಅವಳ ಪಾದಗಳಿದ್ದವು, ಊದಿಕೊಂಡು, ಹೊಳೆಯುತ್ತಾ.

ಮರುದಿನವೇ ಶಿವಮೊಗ್ಗದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸ್ಕ್ಯಾನಿಂಗ್, ರಕ್ತದ ರಿಪೋರ್ಟು ಎರಡೂ ನೋಡಿದ ಡಾಕ್ಟರಮ್ಮ ಮೊದಲು ಕೇಳಿದ್ದು, "ಇವರು ಕುಡೀತಾರಾ?" ಎಂದು. ನನ್ನ ಹೆಂಡತಿ ಏಕಾದಶಿಗೆ ಈರುಳ್ಳಿಯನ್ನೂ ಮುಟ್ಟದವಳು. ನಾನು ಕೂಗಾಡಿದೆ. ಆಕೆ ಕೋಪ ಮಾಡಿಕೊಳ್ಳದೆ, ಕುಡಿಯದವರಿಗೂ, ಸಣ್ಣಗಿರುವವರಿಗೂ ಲಿವರಿನಲ್ಲಿ ಕೊಬ್ಬು ಸೇರಿ ಅದು ಗಟ್ಟಿಯಾಗಿಬಿಡುತ್ತದೆ, ಇವರಿಗೆ ಸಕ್ಕರೆ ಕಾಯಿಲೆ ಬಂದು ಹಲವು ವರ್ಷವಾಗಿದೆ, ನೋಡಿಕೊಂಡಿಲ್ಲ ಎಂದರು. ಮೈಯ ಮಾಂಸ ಕರಗುತ್ತಾ ಹೋಗಿದೆ, ಅಷ್ಟೇ ನೀರು ಹೊಟ್ಟೆಯಲ್ಲಿ, ಕಾಲಿನಲ್ಲಿ ತುಂಬುತ್ತಾ ಬಂದಿದೆ.

"ಇಪ್ಪತ್ತೆರಡು ಇದೆ ಡಾಕ್ಟ್ರೇ ಬಿಎಂಐ, ನಾರ್ಮಲ್ಲು" ಎಂದೆ. ಬೇರೇನು ಹೇಳಬೇಕೋ ತಿಳಿಯಲಿಲ್ಲ.

"ಒಂದು ಊರಿನ ಜನರನ್ನೆಲ್ಲ ಒಟ್ಟಿಗೆ ನೋಡೋಕೆ ಆ ಅಂಕಿ ಪರವಾಗಿಲ್ಲ. ಒಬ್ಬರಿಗೆ ಅದನ್ನೇ ನಂಬ್ಕೊಂಡು ಕೂರೋಕಾಗಲ್ಲ. ಒಂದೆರಡು ವರ್ಷದ ಹಿಂದೆ ಒಂದು ಸಕ್ಕರೆ ಪರೀಕ್ಷೆ ಮಾಡಿಸಿದ್ರೂ ಅನುಮಾನ ಬರ್ತಿತ್ತು, ಇನ್ನಷ್ಟು ವರ್ಷ ಎಳೀಬಹುದಿತ್ತು" ಎಂದರು ಆಕೆ.

ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆದರು. ತಿಳಿ ಹಳದಿಯ ನೀರು ಬಾಟಲಿ ಮೇಲೆ ಬಾಟಲಿ ತುಂಬಿತು. ಒಟ್ಟು ಆರು ಲೀಟರು. ಮಾರನೆಯ ಬೆಳಿಗ್ಗೆ ನರ್ಸ್ ತೂಕ ನೋಡಿದಾಗ ನಲವತ್ತನಾಲ್ಕು. ಕಾಲಿನ ನೀರು ಇನ್ನೂ ಕಾಲಿನಲ್ಲೇ ಇತ್ತು. ಹೊಟ್ಟೆ ಇಳಿದ ಮೇಲೆ ಅವಳ ಪಕ್ಕೆಲುಬುಗಳು ಎಣಿಸುವಂತೆ ಎದ್ದು ನಿಂತಿದ್ದವು, ಕೆನ್ನೆ ಒಳಗೆ ಹೋಗಿ ಹಲ್ಲು ಮುಂದೆ ಬಂದಂತೆ ಕಾಣುತ್ತಿತ್ತು. ಹಾಳು ಅಭ್ಯಾಸ, ಆಗಲೂ ನನ್ನ ತಲೆ ತಾನಾಗಿ ಭಾಗಿಸಿತು. ಹತ್ತೊಂಬತ್ತೂವರೆ. ಹಸಿರು. ಎಲುಬಿನ ಹಂದರವಾಗಿ ಮಲಗಿದ್ದವಳು ಆ ಚಾರ್ಟಿನ ಪ್ರಕಾರ ಇನ್ನೂ ಆರೋಗ್ಯವಂತೆ. ನನಗೆ ನಗು ಬಂತು. ನರ್ಸ್ ಗಾಬರಿಯಿಂದ ನನ್ನ ಕಡೆ ನೋಡಿದಳು.

ಆ ಸಂಜೆ ಅವಳಿಗೆ ಎಲ್ಲ ಹೇಳಿಬಿಟ್ಟೆ. ಶಿಬಿರದ ದಿನ ನಾನು ನಡಿ ಎನ್ನದಿದ್ದರೆ ಇದು ಅಂದೇ ಗೊತ್ತಾಗುತ್ತಿತ್ತು, ನನ್ನ ಅವಮಾನಕ್ಕೆ ನಿನ್ನನ್ನು ಎಳೆದುಕೊಂಡು ಬಂದೆ ಎಂದು ಅತ್ತೆ.

"ನೀವೇನು ನನ್ನ ಕೈ ಕಾಲು ಕಟ್ಟಿ ಹಾಕಿದ್ರಾ? ನಾನೇ ಹೋಗಿ ನಿಂತ್ಕೋಬಹುದಿತ್ತು" ಎಂದಳು. ಹೊದಿಕೆ ಎದೆಯ ತನಕ ಎಳೆದುಕೊಂಡು ಮತ್ತೆ ಹೇಳಿದಳು. "ಆದ್ರೂ ಒಂದ್ಸಲ ಕೇಳ್ಬಹುದಿತ್ತು ನೀವು, ಯಾಕೆ ಬಾಯಾರಿಕೆ ಅಂತ."

ಅದಾದ ಮೇಲೆ ಏಳು ತಿಂಗಳು ಇದ್ದಳು. ಮೊದಮೊದಲು ತಿಂಗಳಿಗೊಮ್ಮೆ ನೀರು ತೆಗೆಸುತ್ತಿದ್ದೆವು, ಆಮೇಲೆ ಹದಿನೈದು ದಿನಕ್ಕೊಮ್ಮೆ, ಕೊನೆಗೆ ವಾರಕ್ಕೊಮ್ಮೆ. ಉಪ್ಪಿಲ್ಲದ ಗಂಜಿ ನಾನೇ ಕುಡಿಸುತ್ತಿದ್ದೆ. ಕೊನೆಯ ದಿನಗಳಲ್ಲಿ ನನ್ನನ್ನು ತನ್ನ ಅಣ್ಣ ಎಂದುಕೊಂಡು ಮಾತಾಡುತ್ತಿದ್ದಳು. ಒಂದು ಮಧ್ಯಾಹ್ನ, ನಾನು ಬಟ್ಟೆ ಒಣಹಾಕಿ ಒಳಗೆ ಬರುವಷ್ಟರಲ್ಲಿ, ಉಸಿರು ನಿಂತಿತ್ತು.

ಸ್ಮಶಾನದಲ್ಲಿ ಸೌದೆ ಜೋಡಿಸುವವನು ಬಂದು, "ಸಾ, ಅಮ್ಮಾವ್ರು ಎಷ್ಟು ತೂಕ ಇದ್ರು? ಅದರ ಮೇಲೆ ಸೌದೆ ಹಾಕ್ತೀನಿ" ಎಂದು ಕೇಳಿದ. ವಾಕಿಂಗ್ ಗೆಳೆಯರು, ಭದ್ರಾವತಿಯಿಂದ ಬಂದ ಹಳೆಯ ಸಹೋದ್ಯೋಗಿಗಳು, ಎಲ್ಲರೂ ನನ್ನ ಕಡೆ ತಿರುಗಿದರು. ಆ ಅಂಕಿ ಅಲ್ಲಿ ಯಾರಿಗಾದರೂ ಗೊತ್ತಿರಬೇಕಾದರೆ ಅದು ನನಗೇ ಎಂದು ಅವರೆಲ್ಲರಿಗೂ ಗೊತ್ತಿತ್ತು. ನನಗೆ ಗೊತ್ತಿಲ್ಲಪ್ಪಾ ಎಂದೆ. ಅವನು ಚಟ್ಟದ ಹತ್ತಿರ ಹೋಗಿ, ಮುಖದ ಮೇಲಿನ ಬಟ್ಟೆ ಸರಿಸಿ, ಸ್ವಲ್ಪ ಹೊತ್ತು ನೋಡಿದ. ತೋಳು ಮುಟ್ಟಿದ, ಸೀರೆಯ ಮೇಲಿನಿಂದ ಹೊಟ್ಟೆ ಮುಟ್ಟಿದ, ಕಾಲು ಮುಟ್ಟಿದ. "ಮೈಯಲ್ಲಿ ಏನೂ ಇಲ್ಲ ಸಾ, ಬರೀ ನೀರು. ಸೌದೆ ಜಾಸ್ತಿನೇ ಬೇಕು" ಎಂದು ಹೇಳಿ ಕೊಡಲಿ ತರಲು ಹೋದ. ಅವನು ಅವಳನ್ನು ನೋಡಿದ್ದು ಒಂದು ನಿಮಿಷವೂ ಇರಲಾರದು. ಅಷ್ಟು ಹೊತ್ತು ನಾನು ಒಂದು ಭಾನುವಾರವೂ ನೋಡಿರಲಿಲ್ಲ.