ಮಾನ್ವಿಯ ದರ್ಜಿ ಅಂಗಡಿಯಲ್ಲಿ ರಷ್ಯದ ಕಾದಂಬರಿ

ಮಾನ್ವಿಗೆ ಬಂದ ಮೊದಲ ಬೆಳಿಗ್ಗೆ, ಎಂಟು ಗಂಟೆಗೆ, ಹೋಟೆಲಿನವನು ನನ್ನ ಮುಂದೆ ಒಗ್ಗರಣೆ ಹಾಕಿದ ಮಂಡಾಳನ್ನೂ ಅದರ ನೆತ್ತಿಯ ಮೇಲೆ ಎರಡು ಮಿರ್ಚಿಯನ್ನೂ ಇಟ್ಟ. ಮಂಡಾಳೆಂದರೆ ನಮ್ಮ ಕಡೆಯ ಕಡ್ಲೆಪುರಿ. ಮಿರ್ಚಿಯೆಂದರೆ ಇಡೀ ಮೆಣಸಿನಕಾಯಿಯ ಬಜ್ಜಿ. ನಂಜನಗೂಡಿನಲ್ಲಿ ಇದನ್ನು ಸಂಜೆ ಹೊತ್ತು, ಅದೂ ವೈರಿಗಳಿಗೆ ಕೊಡುತ್ತೇವೆ. ಸುತ್ತಲಿನವರು ಪ್ರಸಾದದಂತೆ ಶಾಂತವಾಗಿ ತಿನ್ನುತ್ತಿದ್ದರು. ನಾನು ಕಣ್ಣೊರೆಸಿಕೊಂಡೆ. ಆ ಕಣ್ಣೀರಿನಲ್ಲಿ ಅರ್ಧ ಮಾತ್ರ ಖಾರದ್ದು. ಅದೇ ವಾರ ವರ್ಗಾವಣೆಯ ಅರ್ಜಿ ಬರೆದಿಟ್ಟೆ.

ನಾನು ಗಣಿತದ ಮೇಷ್ಟ್ರು. "ಸರ ಸಿನಿಮಾದಾಗ ಮಾತಾಡ್ದಂಗ ಮಾತಾಡ್ತಾರ" ಎಂದು ಮಕ್ಕಳು ನನ್ನ ಕನ್ನಡಕ್ಕೆ ತೀರ್ಪು ಕೊಟ್ಟರು. ಬಾಡಿಗೆ ಕೋಣೆ ಸಿಕ್ಕಿದ್ದು ದರ್ಜಿ ಮೌಲಾಸಾಬರ ಅಂಗಡಿಯ ಹಿಂದೆ. ಹೊತ್ತು ಹೋಗದೆ ಟ್ರಂಕಿನಿಂದ ಒಂದು ಹಳೆಯ ರಷ್ಯನ್ ಕಾದಂಬರಿಯ ಕನ್ನಡ ಅನುವಾದ ತೆಗೆದೆ. ಅದನ್ನು ಹನ್ನೆರಡು ವರ್ಷ ಗೌರವದಿಂದ ಕಾಪಾಡಿದ್ದೆ, ಅಂದರೆ ಓದಿರಲಿಲ್ಲ. ಪ್ರತಿಸಲವೂ ನಲವತ್ತನೆಯ ಪುಟದಲ್ಲಿ ಸೋಲು. ಅಲ್ಲಿ ಒಬ್ಬೊಬ್ಬರಿಗೂ ಮೂರು ಹೆಸರು: ಮನೆಯಲ್ಲೊಂದು, ಕಚೇರಿಯಲ್ಲೊಂದು, ಅಪ್ಪನ ಹೆಸರು ಸೇರಿಸಿ ಇನ್ನೊಂದು.

"ಒಬ್ರ ಯಾಕ ಓದ್ತೀರಿ, ಸರ? ನನ್ನ ಕೈ ಖಾಲಿ ಇಲ್ಲ, ಕಿವಿ ಖಾಲಿ ಅದಾವ" ಎಂದರು ಮೌಲಾಸಾಬರು. ಅವರು ಓದಿದ್ದು ಉರ್ದು ಶಾಲೆಯಲ್ಲಿ. ಕನ್ನಡ ಬಾಯಿಗೆ ಸಲೀಸು, ಅಕ್ಷರ ಬಾರದು. ಆ ಸಂಜೆಯಿಂದಲೇ ಅಂಗಡಿಯಲ್ಲಿ ಕೂತು ಗಟ್ಟಿಯಾಗಿ ಓದತೊಡಗಿದೆ.

ನಲವತ್ತನೆಯ ಪುಟಕ್ಕೆ ಅವರೂ ಮಷೀನು ನಿಲ್ಲಿಸಿದರು.

"ಇವ ಯಾರ್ರೀ ಹೊಸಬ?"

"ಹೊಸಬನಲ್ಲ, ಮೊದಲಿಂದ ಇದ್ದವನೇ."

"ಹೋಗ್ರಿ ನಿಮ್ಮ! ಗಿರಾಕಿ ಹೆಸರು ನಾ ನೆನಪಿಡ್ತೀನೇನು? ಬಟ್ಟಿ ನೆನಪಿಡ್ತೀನಿ."

ಯಾರು ಬಟ್ಟೆ ಕೊಟ್ಟರೂ ಅಂಚಿನಿಂದ ಒಂದು ಚೂರು ಕತ್ತರಿಸಿ ಅಳತೆಯ ಚೀಟಿಗೆ ಸಿಕ್ಕಿಸುವುದು ಅವರ ಪದ್ಧತಿ. ರಷ್ಯದವರಿಗೂ ಅದೇ ಕಾನೂನು ಜಾರಿಯಾಯಿತು. ಒಂದು ರಟ್ಟಿನ ಮೇಲೆ ಒಬ್ಬೊಬ್ಬರಿಗೊಂದು ಚೂರು ಹೊಲಿದರು: ಸುಳ್ಳುಗಾರ ಜಮೀನ್ದಾರನಿಗೆ ಮಿಂಚುವ ಸಾಟಿನ್ನು, ಅವನನ್ನು ಕ್ಷಮಿಸುತ್ತಲೇ ಇರುವ ಹೆಂಡತಿಗೆ ತೆಳ್ಳನೆಯ ಬಿಳಿ ಮಲ್ಲು ಬಟ್ಟೆ, ಎಲ್ಲರ ಒಳಗೂ ಇದ್ದು ಯಾರಿಗೂ ಕಾಣದ ಮನೆಗೆಲಸದಾಕೆಗೆ ಒಳಪದರದ ಅಸ್ತರಿನ ಬಟ್ಟೆ. ಹೆಸರು ಬಂದಾಗ ನಾನು ಚೂರು ಮುಟ್ಟಿ ತೋರಿಸುತ್ತಿದ್ದೆ. ಹನ್ನೆರಡು ವರ್ಷ ಮುಚ್ಚಿದ್ದ ಪುಸ್ತಕ ತೆರೆದುಕೊಂಡಿತು.

ಬಿಳಿ ಮಲ್ಲಿನ ಹೆಂಗಸಿನ ಕೂಸು ಜ್ವರದಲ್ಲಿ ತೀರಿಕೊಂಡ ದಿನ ಮೌಲಾಸಾಬರು ಪೆಡಲಿನಿಂದ ಕಾಲು ತೆಗೆದರು.

"ನಮ್ಮದೂ ಒಂದು ಹಿಂಗ ಹೋಗ್ಯದ, ಸರ. ಎರಡು ವರ್ಷದ್ದಿತ್ತು."

 ನಾನು ಅದೇ ಪುಟವನ್ನು ಮತ್ತೊಮ್ಮೆ ಓದಿದೆ. ಅಂದಿನಿಂದ ಅದು ನನ್ನ ಪುಸ್ತಕ.

ಅಷ್ಟರಲ್ಲಿ ರಾಯಚೂರಿನಲ್ಲಿ ವರ್ಗಾವಣೆಯ ಕೌನ್ಸೆಲಿಂಗು ಬಂತು. ನಂಜನಗೂಡಿನಲ್ಲೇ ಜಾಗ ಖಾಲಿ ಇತ್ತು. ನಾನು ಬೇಡವೆಂದೆ. ಕಾರಣದ ಕಡೆ "ನೂರು ಪುಟ ಬಾಕಿ" ಎಂದು ಬರೆಯಲು ಬರುವುದಿಲ್ಲವಲ್ಲ. "ವೈಯಕ್ತಿಕ" ಎಂದು ಬರೆದೆ.

ನಿಜವಾದ ಕಾರಣವನ್ನು ನಂಜನಗೂಡಿನಲ್ಲಿದ್ದ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. "ಆ ಪುಸ್ತಕ ಇಲ್ಲಿ ಕೂತು ಓದಕ್ಕಾಗಲ್ವೇನೋ? ನಿನ್ ಕೋಣೆ ಗುಡಿಸಿಟ್ಟಿದ್ದೆ ಕಣೋ."

ದಸರಾ ರಜೆಯಲ್ಲಿ ಆ ಕೋಣೆಯಲ್ಲೇ ಕೂತು ನೋಡಿದೆ. ಮಷೀನಿನ ಸದ್ದಿಲ್ಲದೆ ಸಾಲು ಸಾಗಲಿಲ್ಲ. ಊಟದ ಹೊತ್ತಿಗೆ ನನಗೆ ತಿಳಿಯದೆ ಮಾನ್ವಿಯವರಂತೆ "ಬಡಸಾಕತ್ತೀಯೇನು?" ಎಂದೆ. ಅಕ್ಕ ನಕ್ಕಳು, ಆಮೇಲೆ ನಗಲಿಲ್ಲ. "ಯಾವೂರೋ ನಿಂದು?"

ಕೊನೆಯ ಪುಟ ಮುಗಿದದ್ದು ಮಾನ್ವಿಯಲ್ಲೇ. ರಟ್ಟು ತಿರುಗಿಸಿದರೆ ಹಿಂದೆ ಇನ್ನೊಂದು ಚೂರು. ಅವರೇ ಹೊಲಿದುಕೊಟ್ಟಿದ್ದ ನನ್ನ ಕಂದು ಪ್ಯಾಂಟಿನದು.

"ಇದ್ಯಾರು?"

"ನೀವ ಅಲ್ರಿ, ಸರ."

ಉಳಿದವರೆಲ್ಲ ಗಟ್ಟಿಯಾದ ಮಷೀನು ಹೊಲಿಗೆಯಲ್ಲಿದ್ದರು. ನನಗೆ ಮಾತ್ರ ಬಿಳಿ ದಾರದ ಉದ್ದುದ್ದ ಎಳೆ.

"ಕಚ್ಚಾ ಹೊಲಿಗಿ ಹಾಕೀನಿ. ನಿಮ್ಮ ಮನಸು ಇನ್ನ ಆ ಅರ್ಜಿದಾಗ ಅದಲ್ರಿ? ಎಳದ್ರ ಬಿಚ್ಚತದ, ಬಟ್ಟಿಗೆ ತೂತು ಬೀಳಂಗಿಲ್ಲ."

ಈ ವರ್ಷವೂ ಅರ್ಜಿ ಹಾಕಿದ್ದೇನೆ. ಆ ದಾರದ ತುದಿಯನ್ನು ಒಮ್ಮೆ ಬೆರಳಲ್ಲಿ ಹಿಡಿದು ನೋಡಿದೆ. ಎಳೆಯಲಿಲ್ಲ. ಪಕ್ಕಾ ಹೊಲಿಯಿರಿ ಎಂದೂ ಹೇಳಲಿಲ್ಲ.